ಬಲಗೈಯ ತುತ್ತು

...ಅಥವಾ ಸಿಗ್ನಲ್ ಹಸಿರಾಗಿದ್ದನ್ನು ನಾನು ನೋಡಿದ್ದು ಆಮೇಲೆ, ಆಸ್ಪತ್ರೆಯಲ್ಲಿ ಕೂತು ಪೊಲೀಸ್ ರಿಪೋರ್ಟ್ ಓದುವಾಗಲೂ ಇರಬಹುದು. ಓದಿದ್ದನ್ನೇ ಕಂಡದ್ದೆಂದು ನಂಬಿಬಿಡುವುದು ಕಷ್ಟವಲ್ಲ. ನನ್ನದೇ ಎಂದು ಹೇಳಬಹುದಾದದ್ದು ಸದ್ದು ಮಾತ್ರ. ಅದೂ ಒಂದಲ್ಲ, ಎರಡು. ಮೊದಲು ತಗಡು ಹರಿದದ್ದು. ಆಮೇಲೆ ಮೋಹನನ ತಲೆ ಕಿಟಕಿಗೆ ಬಡಿದದ್ದು.

ಎರಡನೆಯದು ಚಿಕ್ಕ ಸದ್ದು. ಅದೇ ಇನ್ನೂ ಕೇಳಿಸುತ್ತದೆ.

ಶನಿವಾರ ಮಧ್ಯಾಹ್ನ. ಮಗಳು ದಿಯಾಳನ್ನು ಈಜಿನ ಕ್ಲಾಸಿನಿಂದ ಕರೆತರಬೇಕಿತ್ತು. ನಾರ್ತ್ ಕರೊಲೈನಾದ ಬ್ಯಾಲಂಟೈನ್‌ನ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ನನ್ನ ಗಂಡ ಮೋಹನ ಬೆಳಗಿನಿಂದ ಆಫೀಸಿನ ಕಾಲ್‌ನಲ್ಲಿದ್ದ, ತಿಂಡಿ ತಿಂದಿರಲಿಲ್ಲ. ನಾನು ಚಿತ್ರಾನ್ನವನ್ನು ಡಬ್ಬಿಗೆ ಹಾಕಿಕೊಂಡು ಪಕ್ಕದ ಸೀಟಿನಲ್ಲಿ ಕೂತೆ.

"ನೀನು ಡ್ರೈವ್ ಮಾಡು, ನಾನು ತಿನ್ನಿಸ್ತೀನಿ."

"ಕಡ್ಲೇಬೀಜ ಸೇರಿಸಿ ಕೊಡೇ. ಬರೀ ಅನ್ನ ತುರುಕ್ತಾ ಇದೀಯ."

ಅವನು ಪೂರ್ತಿಯಾಗಿ ಆಡಿದ ಕೊನೆಯ ಮಾತು ಇದು. ಅಥವಾ ಇದು ಕೊನೆಯದಾಗಿರಲಿ ಎಂದು ನಾನೇ ಜೋಡಿಸಿಕೊಂಡಿದ್ದೇನೆ.

ಇಲ್ಲಿ ಸ್ಟಿಯರಿಂಗ್ ಎಡಕ್ಕೆ. ನಾನು ಅವನ ಬಲಕ್ಕೆ. ಅವನ ಬಾಯಿಗೆ ಹತ್ತಿರವಿದ್ದದ್ದು ನನ್ನ ಎಡಗೈ. ಆದರೆ ಎಡಗೈಯಲ್ಲಿ ತುತ್ತು ಕೊಡುವುದುಂಟೆ? ಸೊಂಟ ತಿರುಗಿಸಿ ಬಲಗೈ ಚಾಚಿದೆ.

ಪಿಕಪ್ ಟ್ರಕ್ ಎಡಗಡೆಯಿಂದ ಬಂತು.

ಏರ್‌ಬ್ಯಾಗ್ ನನ್ನ ಮುಂಗೈಯನ್ನು ಮುರಿದು ಅವನ ಮುಖಕ್ಕೇ ಎಸೆಯಿತು. ಮೂಳೆ ಚರ್ಮ ಸೀಳಿ ಹೊರಗೆ ಬಂದಿತ್ತು. ನೋವಾಗಲಿಲ್ಲ. ಬೆರಳಿಗೆ ಅಂಟಿದ್ದ ಅನ್ನದ ಅಗುಳು ಕಂಡಿತು. ಒಡೆದ ಗಾಜಿನ ಮೇಲೆ, ಡ್ಯಾಶ್‌ಬೋರ್ಡ್ ಮೇಲೆ, ಅವನ ಕಿವಿಯಿಂದ ಕತ್ತಿಗೆ ಇಳಿಯುತ್ತಿದ್ದ ರಕ್ತದಲ್ಲಿ, ಎಲ್ಲ ಕಡೆ ಹಳದಿ ಅಗುಳು. "ಮೋಹನ, ಉಗಿ, ಗಂಟಲಿಗೆ ಸಿಕ್ಕಿಕೊಳ್ಳತ್ತೆ, ಉಗಿ" ಎಂದು ಕಿರುಚಿದೆ. ಅವನು ಉಗಿಯಲಿಲ್ಲ. ಎಡಗೈ ಬೆರಳು ಹಾಕಿ ಬಾಯಿಂದ ಅನ್ನ ತೆಗೆದೆ. ಆಗ ಎಡಗೈ ಎಂದು ಯೋಚಿಸಲಿಲ್ಲ.

ಸಬ್‌ಡ್ಯೂರಲ್ ಹೆಮಟೋಮಾ. ಸರ್ಜನ್ ತಮ್ಮ ತಲೆಯನ್ನೇ ಮುಟ್ಟಿ ತೋರಿಸಿ ವಿವರಿಸಿದರು. ರಕ್ತ ಹೆಪ್ಪುಗಟ್ಟಿರುವುದು ಮೆದುಳಿನ ಎಡಗಡೆ, ಹೋಗುವುದು ಬಲಗೈ, ಬಲಗಾಲು, ಮಾತು. ಬಾತ ಮೆದುಳಿಗೆ ಜಾಗವಾಗಲೆಂದು ತಲೆಬುರುಡೆಯ ಒಂದು ತುಂಡು ತೆಗೆದು ಫ್ರೀಜರಿನಲ್ಲಿಟ್ಟರು. ಎಚ್ಚರವಾದ ದಿನ ಮೋಹನ ಎಡಗೈಯಿಂದ ನರ್ಸಿನ ದವಡೆಗೆ ಹೊಡೆದ. ಟ್ಯೂಬ್ ಕಿತ್ತ. ಮೂವರು ಸೇರಿ ಅವನನ್ನು ಅದುಮಿ ಮಣಿಕಟ್ಟನ್ನು ಮಂಚಕ್ಕೆ ಕಟ್ಟಿದರು. ಬಾಗಿಲಲ್ಲಿ ನಿಂತಿದ್ದ ದಿಯಾ ಎಲ್ಲವನ್ನೂ ನೋಡಿದಳು. ಅವಳಿಗೆ ಹನ್ನೊಂದು ವರ್ಷ.

"ದಟ್ಸ್ ನಾಟ್ ಅಪ್ಪ," ಎಂದಳು.

ನಾನು ಅವಳ ಹೆಗಲು ಹಿಡಿದು ಹೊರಗೆ ಕರೆದೊಯ್ದೆ.

ಎರಡನೆಯ ವಾರ ನಮ್ಮ ಕಾರಿನ ವಿಮೆ ಕಂಪನಿಯಲ್ಲಿ ಕ್ಲೇಮು ಪರಿಶೀಲಿಸುವ ಅಡ್ಜಸ್ಟರ್ ಫೋನ್ ಮಾಡಿದ. ಮಾತನ್ನು ರೆಕಾರ್ಡ್ ಮಾಡುತ್ತೇನೆ ಎಂದು ಮೊದಲೇ ಹೇಳಿದ. ನಮ್ಮದೇ ಕಂಪನಿಯವನು, ದನಿ ಮೆತ್ತಗಿತ್ತು. ಸಿಗ್ನಲ್ ಹಸಿರಿತ್ತು, ನನ್ನ ಗಂಡ ರಸ್ತೆಯನ್ನೇ ನೋಡುತ್ತಿದ್ದ ಎಂದೆ. ತುತ್ತಿನ ವಿಷಯ ಹೇಳಲಿಲ್ಲ. ಅವನು ಕೇಳಲೂ ಇಲ್ಲ.

ಪಿಕಪ್‌ನವನ ವಿಮೆ ತೀರಾ ಕಡಿಮೆಯದು, ಮೊದಲ ಸರ್ಜರಿಗೇ ಮುಗಿಯಿತು. ಹೆಲ್ತ್ ಇನ್ಶೂರೆನ್ಸ್‌ನಲ್ಲಿ ಮಾತಿನ ಥೆರಪಿಗೂ ನಡಿಗೆಯ ಥೆರಪಿಗೂ ವರ್ಷಕ್ಕೆ ಮಿತಿಯಿತ್ತು, ಅದೂ ತೀರಿತು. ಥೆರಪಿ ನಿಂತರೆ ಅವನು ಎಲ್ಲಿದ್ದಾನೋ ಅಲ್ಲೇ ಉಳಿಯುತ್ತಾನೆ ಎಂದು ಡಾಕ್ಟರ್ ಹೇಳಿದ್ದರು. ಉಳಿದದ್ದು ನಮ್ಮ ಪಾಲಿಸಿಯ ಅಂಡರ್‌ಇನ್ಶೂರ್ಡ್ ಮೋಟರಿಸ್ಟ್ ರಕ್ಷಣೆ. ಡಿಕ್ಕಿ ಹೊಡೆದವನ ವಿಮೆ ಸಾಲದಿದ್ದರೆ ನಮ್ಮ ಕಂಪನಿ ತುಂಬಿಕೊಡುವ ವ್ಯವಸ್ಥೆ.

ನಾವು ಗೊತ್ತುಮಾಡಿಕೊಂಡಿದ್ದ ವಕೀಲೆ ಬಿಡಿಸಿ ಹೇಳಿದಳು. "ಇನ್ನು ಮುಂದೆ ನಿಮ್ಮ ಕಂಪನಿ ಆ ಪಿಕಪ್‌ನವನ ಜಾಗದಲ್ಲಿ ನಿಲ್ಲುತ್ತೆ. ಅವನು ಏನೇನು ವಾದ ಮಾಡಬಹುದಿತ್ತೋ ಅದನ್ನೆಲ್ಲ ಮಾಡುತ್ತೆ. ನಾರ್ತ್ ಕರೊಲೈನಾದಲ್ಲಿ ಗಾಯಗೊಂಡವನ ತಪ್ಪು ಒಂಚೂರು ಇದ್ದರೂ ಏನೂ ಸಿಗಲ್ಲ."

"ಒಂಚೂರು ಅಂದರೆ?"

"ಒಂಚೂರು. ಗಡಿಯಾಚೆ ಸೌತ್ ಕರೊಲೈನಾದಲ್ಲಾಗಿದ್ದರೆ ತಪ್ಪನ್ನು ಪಾಲು ಹಾಕುತ್ತಿದ್ದರು. ಇಲ್ಲಿ ಇಲ್ಲ."

ಗಡಿ ನಮ್ಮ ಮನೆಯಿಂದ ಕೂಗಳತೆಯಲ್ಲಿದೆ. ಪೆಟ್ರೋಲ್ ಅಗ್ಗವೆಂದು ವಾರವಾರ ದಾಟುತ್ತಿದ್ದೆವು.

ಆಮೇಲೆ ಅವಳು ಕಾರಿನ ಫೋಟೋಗಳನ್ನು ಮುಂದೆ ಸರಿಸಿ ಹಳದಿ ಕಲೆಯ ಮೇಲೆ ಬೆರಳಿಟ್ಟಳು. "ಇದೇನು ಅಂತ ಕಂಪನಿ ಕೇಳುತ್ತಿದೆ. ಡ್ರೈವರ್‌ನ ಏರ್‌ಬ್ಯಾಗಿಗೆ ನಿಮ್ಮ ಕೈ ಹೇಗೆ ಸಿಕ್ಕಿತು ಅಂತಲೂ."

ನಾನು ಬಾಯಿ ಬಿಡುವ ಮೊದಲೇ ನನ್ನ ಎಕ್ಸ್‌ರೇ ಬಾಯಿಬಿಟ್ಟಿತ್ತು. ತುತ್ತಿನ ವಿಷಯ ಅವಳಿಗೆ ಹೇಳಿದೆ. ಅವನು ನನ್ನ ಕಡೆ ತಿರುಗಿದನೇ ಎಂಬುದನ್ನು ಬಿಟ್ಟು.

ಎದುರು ಮನೆಯ ಮುನೀರಾ ಮೈಸೂರಿನವಳು, ಅಷ್ಟೂ ದಿನ ನಮಗೆ ಊಟ ಹಾಕಿದವಳು. ಅವನು ತಿರುಗಿದನೇ ಎಂದು ಕೇಳಿದರೆ ಏನು ಹೇಳಲಿ ಎಂದಿದ್ದಕ್ಕೆ ಬೈದಳು. "ನಿನಗೇನು ತಲೆ ಕೆಟ್ಟಿದ್ಯಾ? ಅವ್ನು ನೆಟ್ಟಗೆ ರೋಡ್ ನೋಡ್ತಾ ಬಾಯಿ ತೆಗ್ದ ಅನ್ನು. ನೋಡೋಕೆ ಅಲ್ಲಿ ಇನ್ಯಾರಿದ್ರು?"

"ಅಮ್ಮ, ಐ ಡೋಂಟ್ ರಿಮೆಂಬರ್ ಅಂತ ಹೇಳು," ಎಂದಳು ದಿಯಾ. "ಅಪ್ಪಂಗೂ ನೆನಪಿಲ್ಲ. ಇಟ್ಸ್ ನಾಟ್ ಈವನ್ ಎ ಲೈ."

ಸುಳ್ಳಲ್ಲ. ಆದರೆ ಎರಡನೆಯ ವಾರವೇ ನನಗೆ ಚೆನ್ನಾಗಿ ನೆನಪಿತ್ತಲ್ಲ, ರೆಕಾರ್ಡಿನಲ್ಲಿ.

ಕೋರ್ಟಿನ ಬದಲು ನಡೆದ ಆರ್ಬಿಟ್ರೇಶನ್‌ಗೆ ಒಂದು ಉದ್ದ ಮೇಜು. ತೀರ್ಪು ಕೊಡಲು ಮೂವರು ವಕೀಲರು. ಮೋಹನ ವೀಲ್‌ಚೇರಿನಲ್ಲಿ ನನ್ನ ಪಕ್ಕ. ಕಂಪನಿಯ ವಕೀಲ ನನ್ನನ್ನು ಕೇಳಿದ, "ನಿಮ್ಮ ಎಡಗೈ ಅವರ ಬಾಯಿಗೆ ಹತ್ತಿರವಿತ್ತು. ಬಲಗೈಯನ್ನು ಅಷ್ಟು ದೂರ ಯಾಕೆ ಚಾಚಿದಿರಿ?"

"ಎಡಗೈಯಲ್ಲಿ ತಿನ್ನಿಸುವುದಿಲ್ಲ."

"ಯಾಕೆ?"

ಯಾಕೆ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. "ತಿನ್ನಿಸುವುದಿಲ್ಲ," ಎಂದೆ ಮತ್ತೆ.

"ತುತ್ತು ತೆಗೆದುಕೊಳ್ಳಲು ಅವರು ನಿಮ್ಮ ಕಡೆ ತಿರುಗಿದರೇ?"

ಇಲ್ಲ ಎಂಬ ಪದ ನಾಲಿಗೆಯ ಮೇಲೇ ಇತ್ತು. ಆ ಒಂದು ಪದದಲ್ಲಿ ಅವನ ಮುಂದಿನ ವರ್ಷಗಳಿದ್ದವು. ಅದನ್ನು ಹೇಳಲೆಂದೇ ಹೊಸ ಸೀರೆಯುಟ್ಟು ಬಂದಿದ್ದೆ. ಆಗ ಆ ಸದ್ದು ಕೇಳಿಸಿತು, ಚಿಕ್ಕದು. ಆ ಸದ್ದಿಗೆ ಮೊದಲು ಅವನ ಮುಖ ಎತ್ತ ಇತ್ತು? ಹುಡುಕಿದೆ. ಅಲ್ಲಿ ಮುಖವೇ ಇರಲಿಲ್ಲ.

"ಗೊತ್ತಿಲ್ಲ," ಎಂದೆ.

"ರಸ್ತೆ ನೋಡುತ್ತಿದ್ದರು ಅಂತ ರೆಕಾರ್ಡಿನಲ್ಲಿ ಹೇಳಿದ್ದೀರಿ."

"ಹೇಳಿದ್ದೆ. ಆಗಲೂ ಗೊತ್ತಿರಲಿಲ್ಲ."

ಹೊರಗೆ ಬಂದ ಮೇಲೆ ವಕೀಲೆ ಫೈಲನ್ನು ಚೀಲಕ್ಕೆ ತುರುಕಿದಳು. "ಉತ್ತರ ಚಿಕ್ಕದಾಗಿರಲಿ ಅಂತ ನಾನೇ ಹೇಳಿದ್ದೆ," ಎಂದಳು. "ಇಷ್ಟು ಚಿಕ್ಕದಲ್ಲ."

ಹೋದ ತಿಂಗಳು ತೀರ್ಪು ಬಂತು. ಒಂದೇ ಪುಟ, ನಮ್ಮ ಪರವಾಗಿ. ಕಾರಣ ಬರೆದಿಲ್ಲ. ಮೋಹನನ ತಪ್ಪನ್ನು ಸಾಬೀತು ಮಾಡುವ ಹೊಣೆ ಕಂಪನಿಯದಾಗಿತ್ತು, ಗೊತ್ತಿಲ್ಲ ಎಂಬ ಮಾತಿನಿಂದ ಏನೂ ಸಾಬೀತಾಗಲ್ಲ, ಅದಕ್ಕೇ ಇರಬೇಕು ಎನ್ನುತ್ತಾಳೆ ವಕೀಲೆ. ಇರಬಹುದು. ಆ ಮೂವರು ನನ್ನನ್ನು ನಂಬಿದರೋ, ಅವನನ್ನು ನೋಡಿ ಮರುಗಿದರೋ, ಕೇಳುವ ಹಾಗಿಲ್ಲ. ಥೆರಪಿ ಮತ್ತೆ ಶುರುವಾಗಿದೆ. ಕಳೆದ ವಾರ ಅವನು "ದಿಯಾ, ನೀರು" ಎಂದ. ಎರಡು ಪದ, ಒಂದರ ಹಿಂದೆ ಒಂದು. ಅವಳು ಚೆಲ್ಲಿಕೊಂಡು ಓಡಿಬಂದಳು.

ಎಡಗೈಯಲ್ಲಿ ತಿನ್ನುವುದನ್ನು ಥೆರಪಿಸ್ಟ್ ಕಲಿಸಲು ನೋಡಿದಳು. ಅವನು ಚಮಚ ಎಸೆದ. "ಎಡ... ಬೇಡ." ಹಾಗಾಗಿ ಮೂರು ಹೊತ್ತೂ ನಾನೇ ತಿನ್ನಿಸುತ್ತೇನೆ. ಮುರಿದು ಕೂಡಿದ ಕೈ, ಪೂರ್ತಿ ಚಾಚಲಾಗುವುದಿಲ್ಲ. ಬೇಕೆಂದೇ ಅವನ ಬಲಕ್ಕೆ ಕೂರುತ್ತೇನೆ, ಕಾರಿನಲ್ಲಿ ಕೂತಂತೆ. ಅವನು ಕಿಟಕಿಯಾಚೆ ನೋಡುತ್ತಿರುತ್ತಾನೆ. ತುತ್ತು ಹತ್ತಿರ ತಂದಾಗ ಒಮ್ಮೊಮ್ಮೆ ನನ್ನ ಕಡೆ ತಿರುಗುತ್ತಾನೆ. ಒಮ್ಮೊಮ್ಮೆ ಹೊರಗೇ ನೋಡುತ್ತ ಬಾಯಿ ತೆರೆಯುತ್ತಾನೆ.

ಅಂದು ಯಾವುದು ಎಂದು ನನಗೆ ಗೊತ್ತಿಲ್ಲ.