ಮೆರವಣಿಗೆಯಲ್ಲಿ ಕೂಗಿದ್ದು

ಹಳೇ ರಾಜಕೀಯ ಸಿನಿಮಾವೊಂದಕ್ಕೆ ಸಬ್‌ಟೈಟಲ್ ಬರೆಯುತ್ತಿದ್ದೆ. ಅರ್ಧ ಪ್ರೇಮಕಥೆ, ಅರ್ಧ ಪೀಣ್ಯದ ಕಾರ್ಮಿಕರ ನಿಜವಾದ ಬದುಕು. ಕೊನೆಯ ಮೆರವಣಿಗೆಯಲ್ಲಿ ನಾಯಕ ನಾಯಕಿಯ ಕೈ ಹಿಡಿಯುವ ಹೊತ್ತಿಗೆ ಧ್ವನಿಯೇ ಅಳಿಸಿಹೋಗಿತ್ತು. ಜನ ಕೂಗುವುದು ಕಾಣುತ್ತೆ, ಕೇಳಿಸಲ್ಲ. ಮರುದಿನವೇ ಪ್ರದರ್ಶನ. ಆ ಗುಂಪಿನಲ್ಲಿ ನಡೆದಿದ್ದ ಗೌರಮ್ಮನವರನ್ನು ಪೀಣ್ಯದಲ್ಲೇ ಹುಡುಕಿ, ಲ್ಯಾಪ್‌ಟಾಪ್ ಮುಂದೆ ಕೂರಿಸಿದೆ.

“ಅಮ್ಮಾ, ಇಲ್ಲಿ ಏನು ಘೋಷಣೆ ಕೂಗ್ತಿದ್ರಿ?”

ಅವರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. “ಘೋಷಣೆ ಆಮೇಲೆ ಸೇರಿಸ್ತೀವಿ, ಬಾಯಿ ಆಡಿಸಿ ಸಾಕು ಅಂದಿದ್ರು ಸಿನಿಮಾದವರು ಸಾರ್. ನಮಗೋ ಹೊಟ್ಟೆ ಹಸಿದಿತ್ತು. ಎಲ್ರೂ ಸೇರ್ಕೊಂಡು ‘ಚಿತ್ರಾನ್ನ ಎಲ್ಲಿ?’ ಅಂತ ಕೂಗಿದ್ವಿ!”

ಮತ್ತೆ ಹಾಕಿ ನೋಡಿದೆ. ತುಟಿಗಳು ಅದನ್ನೇ ಹೇಳುತ್ತಿದ್ದವು. ಹಾಗೇ ಬರೆದುಬಿಟ್ಟೆ. ಪ್ರದರ್ಶನದಲ್ಲಿ ಆ ಸಾಲಿಗೇ ಜೋರು ಚಪ್ಪಾಳೆ.

“ಕೊನೆಗೆ ಹೋರಾಟ ಗೆದ್ದಿತಾ ಅಮ್ಮಾ?” ಪಕ್ಕದಲ್ಲಿ ಕೂತಿದ್ದ ಗೌರಮ್ಮನವರನ್ನು ಕೇಳಿದೆ.

“ಎಲ್ಲಿ ಸಾರ್? ಉಪ್ಪಿಟ್ಟು ಕೊಟ್ರು.”