ಮಗಳ ಮೇಲಿನ ದೂರುಗಳು

ಮಗಳು ವಿಷಯ ತೆಗೆದದ್ದು ಅಂಗಳದಲ್ಲಿ ಕಾಫಿ ಒಣಗಲು ಹರವುತ್ತಿದ್ದಾಗ.

"ಪಪ್ಪ, ಡಿಗ್ರಿ ಮುಗಿದ್ಮೇಲೆ ನಾನು ಕಾನ್ವೆಂಟ್ ಸೇರಿ ಸಿಸ್ಟರ್ ಆಗ್ತೀನಿ. ದೇವ್ರು ಕರೀತಿದಾರೆ ಅನ್ಸುತ್ತೆ."

ನಾನು ತಟ್ಟನೆ ಆಕಾಶ ನೋಡಿದೆ. ಭಕ್ತಿಯಿಂದಲ್ಲ, ಮೋಡ ಕಟ್ಟಿದೆಯೇನೋ ಎಂದು. ಚಿಂತೆ ಮಾಡುವುದು ನನ್ನ ಎರಡನೇ ಕಸುಬು. ಕಾಫಿ ಹೂ ಬಿಡದಿದ್ದರೆ ಚಿಂತೆ. ಬಿಟ್ಟರೆ, ಕಾಯಿ ನಿಲ್ಲುತ್ತದೋ ಇಲ್ಲವೋ ಎಂದು ಚಿಂತೆ. ದೇವರ ಸೇವೆಗೆ ನಮ್ಮ ಮಕ್ಕಳು ಮುಂದೆ ಬರಲಿ ಎಂದು ಭಾನುವಾರಗಳಲ್ಲಿ ಎಲ್ಲರ ಜೊತೆ ದನಿಗೂಡಿಸಿ ಪ್ರಾರ್ಥಿಸಿದವನೇ ನಾನು. ಹಾಗೆ ಪ್ರಾರ್ಥಿಸುವಾಗ ನನ್ನ ಮನಸ್ಸಿನಲ್ಲಿರುತ್ತಿದ್ದದ್ದು ಬೇರೆಯವರ ಮಕ್ಕಳು.

ಮನೆಯವರ ಜೊತೆ ಮಾತಾಡಲು ಕಾನ್ವೆಂಟಿನ ಹಿರಿಯ ಸಿಸ್ಟರ್ ಬರುವುದೆಂದಾಯಿತು. ನನ್ನ ಹೆಂಡತಿ ಕಿಟಕಿಯ ಪರದೆಗಳನ್ನೆಲ್ಲ ಒಗೆದು ಹಾಕಿದಳು. ನಾನು ಬಾಳೆಹಣ್ಣು, ಬಿಸ್ಕತ್ತು ತರಲು ಕೊಟ್ಟಿಗೆಹಾರದ ಅಂಗಡಿಗೆ ಹೋದೆ.

"ಏನ್ ಮಾರಾಯ, ಮಗಳನ್ನ ನೋಡಾಕೆ ಬರ್ತಾರಾ?" ಅಂಗಡಿಯವನು ಕೇಳಿದ.

"ಹೂಂ, ಹಂಗೇ ಅಂದ್ಕೋ."

"ಹುಡುಗ ಯಾವೂರು?"

"ಇನ್ನೂ ಗೊತ್ತಾಗಿಲ್ಲ."

"ಊರು ಗೊತ್ತಿಲ್ದೇನೆ ಬಾಳೆಹಣ್ಣು ತಗಂಡ್ಯಾ? ಸರಿಯಾಗಿ ವಿಚಾರ್ಸು ಮಾರಾಯ!"

ಅವನ ಮಾತಿನಿಂದಲೇ ದಾರಿಯಲ್ಲಿ ನನಗೊಂದು ಉಪಾಯ ಹೊಳೆಯಿತು. ಹೆಣ್ಣು ನೋಡಲು ಬಂದವರೆದುರು ಮಗಳನ್ನು ಹೊಗಳಿ ಹೊಗಳಿ ಸಂಬಂಧ ಕುದುರಿಸುತ್ತೇವಲ್ಲ, ಅದನ್ನೇ ತಿರುಗಿಸಿದರೆ? ಅವಳ ಕುಂದುಗಳನ್ನೆಲ್ಲ ಹೇಳಿಬಿಟ್ಟರೆ ಸಿಸ್ಟರ್ ತಾವಾಗಿಯೇ ಬೇಡ ಎನ್ನುತ್ತಾರೆ. ನಾನು ಬೇಡವೆಂದಂತೆಯೂ ಆಗುವುದಿಲ್ಲ.

ಅಂಗಳದ ತುಂಬ ಕಾಫಿ ಹರಡಿದ್ದರಿಂದ ಸಿಸ್ಟರ್ ಬಂದ ಜೀಪು ಗೇಟಿನಲ್ಲೇ ನಿಂತಿತು. ಅವರು ಸೀರೆ ತುಸು ಎತ್ತಿ ಹಿಡಿದು, ಒಂದು ಕಾಳನ್ನೂ ತುಳಿಯದೆ ಅಂಚಿನಲ್ಲೇ ನಡೆದು ಬಂದರು. ತುಳಿದಿದ್ದರೆ ಸಿಟ್ಟು ಮಾಡಿಕೊಳ್ಳಲು ನನಗೊಂದು ಕಾರಣವಾದರೂ ಸಿಗುತ್ತಿತ್ತು.

ಕಾಫಿ ಬರುವ ಮೊದಲೇ ಶುರು ಮಾಡಿದೆ. "ಸಿಸ್ಟರ್, ಮುಚ್ಚುಮರೆ ಯಾಕೆ? ಇವಳು ಬೆಳಿಗ್ಗೆ ಏಳಲ್ಲ. ಕೂಗಿ ಕೂಗಿ ಗಂಟಲು ಬಿದ್ದು ಹೋಗುತ್ತೆ."

"ನನ್ನನ್ನ ಈಗ್ಲೂ ಎಬ್ಬಿಸ್ತಾರೆ," ಎಂದರು ಸಿಸ್ಟರ್.

"ಎದುರು ಮಾತಾಡ್ತಾಳೆ."

"ಪಪ್ಪಾ!" ಟ್ರೇ ಹಿಡಿದು ಬಾಗಿಲಿಗೆ ಬಂದಿದ್ದ ಮಗಳು ಕೂಗಿದಳು.

"ನೋಡಿದ್ರಾ?"

ಮೇಜಿನ ಕೆಳಗೆ ಹೆಂಡತಿ ನನ್ನ ಕಾಲು ತುಳಿದಳು. ನಾನು ನಿಲ್ಲಿಸಲಿಲ್ಲ. "ಹಾಗಲಕಾಯಿ ಪಲ್ಯ ಮಾಡಿದ್ರೆ ತಟ್ಟೆ ಅಂಚಿಗೆ ತಳ್ತಾಳೆ."

ಸಿಸ್ಟರ್ ಗಟ್ಟಿಯಾಗಿ ನಕ್ಕರು. ಆಮೇಲೆ ಲೋಟ ಕೆಳಗಿಟ್ಟು ಮೆಲ್ಲಗೆ ಹೇಳಿದರು: "ನೋಡಿ, ನಿಮಗೆ ಮನಸ್ಸಿಲ್ದೆ ನಾವು ಕರ್ಕೊಂಡು ಹೋಗಲ್ಲ. ಪಪ್ಪ ಬೇಡ ಅಂದ್ರೆ ಬರಲ್ಲ ಅಂತ ಅವಳೇ ಹೇಳಿದಾಳೆ. ನೀವೇನಂತೀರಿ?"

ಈ ಮಾತು ನನಗೆ ಗೊತ್ತಿರಲಿಲ್ಲ. ಮಗಳ ಕಡೆ ನೋಡಿದೆ. ಖಾಲಿ ಟ್ರೇಯನ್ನು ಎದೆಗೊತ್ತಿಕೊಂಡು ನೆಲ ನೋಡುತ್ತ ನಿಂತಿದ್ದಳು. ಒಂದು ಮಾತಿಗೆ ಹತ್ತು ಮಾತು ಸೇರಿಸುವವಳು ಏನನ್ನೂ ಕೇಳಲಿಲ್ಲ. ಬೇಡ ಎಂದರೆ ಸಾಕು, ಮಗಳು ಮನೆಯಲ್ಲೇ ಉಳಿಯುತ್ತಾಳೆ. ಮುಂದೆಂದೂ ಆ ಮಾತೆತ್ತುವುದಿಲ್ಲ. ಹೀಗೆ ನೆಲ ನೋಡಿಕೊಂಡೇ ಉಳಿದರೆ?

ಬಾಯಿ ತೆರೆದೆ. ಬಂದದ್ದು ಇನ್ನೊಂದು ದೂರು.

"ಗುಡುಗಿಗೆ ಹೆದರ್ತಾಳೆ ಸಿಸ್ಟರ್. ಮಳೆಗಾಲ ಶುರುವಾಗೋವಾಗ ಒಬ್ಬಳನ್ನೇ ಮಲಗ್ಸಬೇಡಿ. ಇಂಬಳ ಕಚ್ಚಿ ರಕ್ತ ಹೀರ್ತಿದ್ರೆ ಕೀಳ್ಬಾರ್ದು, ಉಪ್ಪು ಹಾಕ್ಬೇಕು. ರಕ್ತ ಕಂಡ್ರೆ ಅವಳಿಗೆ ತಲೆ ತಿರುಗುತ್ತೆ. ಬೆಳಿಗ್ಗೆ ಕೂಗಿ ಪ್ರಯೋಜನ ಇಲ್ಲ. ಕಾಲಿನ ಹೆಬ್ಬೆರಳು ಹಿಡಿದು ಎಳೀಬೇಕು. ಆಗ ನಗ್ತಾ ಏಳ್ತಾಳೆ."

ನನ್ನ ಕಾಲಿನ ಮೇಲಿದ್ದ ಹೆಂಡತಿಯ ಕಾಲು ಸರಿಯಿತು.

"ಕೊಟ್ಟೇಬಿಟ್ರಲ್ಲ ನೀವು," ಎಂದಳು, ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತ.

ಮಗಳು ಬಂದು ನನ್ನ ಕುರ್ಚಿಯ ತೋಳಿನ ಮೇಲೆ ಕೂತಳು. "ಹಾಗಲಕಾಯಿ ವಿಷಯ ಹೇಳ್ಬಾರ್ದಿತ್ತು ಪಪ್ಪ," ಎಂದಳು.

ಸಂಜೆ ಸಿಸ್ಟರನ್ನು ಬೀಳ್ಕೊಡಲು ಗೇಟಿನ ತನಕ ಹೋದೆ. ಜೀಪು ಹತ್ತಿದವರು ಏನೋ ನೆನಪಾದಂತೆ ತಲೆ ಹೊರಗೆ ಹಾಕಿದರು.

"ಯಾವ ಕಾಲು?"

"ಎಡಗಾಲು ಸಿಸ್ಟರ್," ಎಂದೆ.