ಆರಿದ್ರಾ ಮಸುಕಾದ ಚಳಿಗಾಲ

ಸಂಕ್ರಾಂತಿಯ ಸಂಜೆ ನನ್ನ ಷಡ್ಡಕ ಕಮಲಾಪುರದ ಕೆಂಪು ಬಾಳೆಹಣ್ಣು ಹೊತ್ತು ಬ್ರಹ್ಮಪುರದ ನಮ್ಮ ಮನೆಗೆ ಬಂದಿದ್ದ. ಮನೆಯಲ್ಲಿ ದೀಪ ಹಚ್ಚಿದ ಕೂಡಲೇ ಮಾಳಿಗೆ ಹತ್ತಿ ನಕ್ಷತ್ರ ನೋಡುವುದು ನನ್ನ ನಿತ್ಯದ ಕ್ರಮ. ಅವನೂ ನನ್ನ ಮಗಳೂ ಹಿಂದೆಯೇ ಬಂದರು.

"ಆರಿದ್ರಾ ಮಸುಕಾಗ್ಯದ. ರೋಹಿಣಿಗಿಂತಾ ಕಮ್ಮಿ ಅದ," ಎಂದೆ.

ಅವನು ಪೂರ್ವಕ್ಕೆ ನೋಡಿ ನಕ್ಕ. "ಎಲ್ಲಿ ಮಸುಕ್ರೀ ಅಣ್ಣಾರ? ಕೆಂಡದಂಗ ಹೊಳ್ಯಾಕತ್ತದ! ನಿಮ್ಮ ಕಣ್ಣ ಹೋಗ್ಯಾವ. ಸ್ಕೂಟರ್ ಮ್ಯಾಲೆ ಹೋಗಿ ಯಾರನ್ನರೆ ಕೆಡವೀರಿ!"

ನನ್ನ ಕೈಯಲ್ಲಿ ಅವನೇ ಕೊಟ್ಟ, ಸಕ್ಕರೆ ಕಟ್ಟಿದ ಹಬ್ಬದ ಕುಸರೆಳ್ಳಿತ್ತು. ಎಳ್ಳು ಹಂಚಿಕೊಂಡ ದಿನ ನಮ್ಮಲ್ಲಿ ಯಾರೂ ಬಿರುಸು ಮಾತಾಡುವಂತಿಲ್ಲ. ಬಾಯಿಗೆ ಹಾಕಿಕೊಂಡು ಅಗಿದೆ.

ಮರುದಿನ ಮೊಳೆಯಲ್ಲಿ ಸ್ಕೂಟರಿನ ಕೀಲಿ ಇರಲಿಲ್ಲ. ಮಗಳು ತೆಗೆದಿಟ್ಟಿದ್ದಳು. ಸೇಡಂ ರಸ್ತೆಯ ಕಣ್ಣಿನ ವೈದ್ಯರು ನನ್ನ ನೋಟ ಸರಿಯಿದೆ ಎಂದರೂ ಅವಳು ಕೇಳಲಿಲ್ಲ. "ಡಾಕ್ಟರ್ ಬೆಳಕಿನ್ಯಾಗ ಓದಸ್ತಾರ್ರೀ ಅಪ್ಪಾಜಿ. ಕಾಕಾ ಕತ್ತಲದಾಗ ನೋಡ್ಯಾರ."

ಸ್ವಲ್ಪ ದಿನಕ್ಕೆ ಪತ್ರಿಕೆಯಲ್ಲಿ ಬಂತು: ಆರಿದ್ರಾ ನಿಜವಾಗಿಯೂ ಮಸುಕಾಗಿತ್ತು. ಅದು ಮುಪ್ಪಾದ ದೈತ್ಯ ನಕ್ಷತ್ರ. ಉಬ್ಬುತ್ತ ಕುಗ್ಗುತ್ತ ಮಿಡಿಯುತ್ತದೆ, ಮಿಡಿಯುತ್ತಲೇ ಮೈಯ ಅನಿಲವನ್ನು ಹೊರಗೆ ಚೆಲ್ಲುತ್ತದೆ. ಹಾಗೆ ಚೆಲ್ಲಿದ್ದು ತಣಿದು ಧೂಳಾಗಿ ಅದರ ಮುಖಕ್ಕೇ ಅಡ್ಡ ಬಂದಿರಬಹುದು ಎಂದು ಕೆಲವರ ಊಹೆ. ಮುಂದೆ ಆ ಊಹೆಯೇ ಖಚಿತವಾಯಿತು.

ಪತ್ರಿಕೆ ತೋರಿಸಿದ್ದರೆ ಕೀಲಿ ಅಂದೇ ಸಿಗುತ್ತಿತ್ತು, ಆದರೆ ಷಡ್ಡಕ ನಗೆಪಾಟಲಾಗದೆ ಪಾರಾಗುತ್ತಿದ್ದ. ಮಡಚಿ ಹಾಸಿಗೆಯ ಕೆಳಗಿಟ್ಟೆ. ಎಳ್ಳಿನ ಹಂಗಿಲ್ಲದ ಒಂದು ದಿನ ನೋಡಿ ಅವನನ್ನು ಊಟಕ್ಕೆ ಕರೆದೆ.

ಮಾಳಿಗೆಯಲ್ಲಿ ಮಗಳ ಎದುರೇ ಕೇಳಿದೆ. "ತಮ್ಮಾ, ಆರಿದ್ರಾ ಯಾವುದು? ಬೆರಳ ಮಾಡಿ ತೋರ್ಸು."

ಆರಿದ್ರಾ ಆಗ ನೆತ್ತಿಯ ಹತ್ತಿರವಿತ್ತು. ಅವನ ಬೆರಳು ಮತ್ತೆ ಪೂರ್ವದ ಮನೆಗಳ ಮೇಲಕ್ಕೆ ಹೋಯಿತು. "ಅಗಾ ಅಲ್ರೀ, ಕೆಂಪಂದು. ಇನ್ನೂ ಹಂಗೇ ಹೊಳ್ಯಾಕತ್ತದ."

"ಕಾಕಾ, ಅದು ಮೊಬೈಲ್ ಟವರಿನ ದೀಪರೀ!" ಎಂದು ಮಗಳು ಬಿದ್ದು ಬಿದ್ದು ನಕ್ಕಳು. ಪತ್ರಿಕೆಯನ್ನು ಆಗ ತಂದುಕೊಟ್ಟೆ. ಅವಳು ಓದಿ, ಕೆಳಗಿಳಿದು ಕೀಲಿ ತಂದಳು.

"ನಾ ಬಸ್‌ಸ್ಟ್ಯಾಂಡಿಗೆ ನಡ್ಕೋಂತ ಹೋಗ್ತೀನ್ರಿ," ಎಂದ.

"ಯಾಕ? ಸ್ಕೂಟರ್ ಅದಲ್ಲ. ಹಿಂದ ಕೂಡು."

ಬೇಕೆಂದೇ ರೋಜಾ ಬಡಾವಣೆಯ ಜನರ ಗದ್ದಲದೊಳಗೆ ಸುತ್ತು ಹಾಕಿದೆ. "ಸಾವಕಾಶ್ರೀ ಅಣ್ಣಾರ!" ಎಂದು ನನ್ನ ಭುಜ ಹಿಡಿದುಕೊಂಡ. ಪ್ರತಿ ತಿರುವಿಗೂ, "ಮುಂದ ಏನ್ ಬರಾಕತ್ತದ, ಹೇಳು ತಮ್ಮಾ," ಎಂದು ಕೇಳಿದೆ. ಯಾರನ್ನೂ ಕೆಡವಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಮಲಾಪುರದ ಬಸ್ಸಿನ ಬೋರ್ಡನ್ನು ಅವನಿಂದಲೇ ಗಟ್ಟಿಯಾಗಿ ಓದಿಸಿದೆ. ಆಮೇಲೆ ಹತ್ತಲು ಬಿಟ್ಟೆ.